ಡಿಸ್ಕ್ ಬದಲಾದ ಮೇಲೆ ಕೈಕೊಟ್ಟ ಎನ್‌ಎಫ್‌ಎಸ್: ಒಂದು ಪ್ರಕರಣ ಅಧ್ಯಯನ

ಒಂದು ಲಿನಕ್ಸ್ ಸರ್ವರ್, ಅದು ಎನ್‌ಎಫ್‌ಎಸ್ (ಒಂದು ಯಂತ್ರದ ಫೈಲ್‌ಗಳನ್ನು ನೆಟ್‌ವರ್ಕ್‌ನಲ್ಲಿ ಬೇರೆ ಯಂತ್ರಗಳಿಗೆ ಒದಗಿಸುವ ವ್ಯವಸ್ಥೆ) ಮೂಲಕ ಹಂಚುವ ಒಂದೇ ಒಂದು ಡೈರೆಕ್ಟರಿ, ಅದನ್ನು ನೆಚ್ಚಿಕೊಂಡ ಹನ್ನೊಂದು ಕ್ಲೈಂಟ್‌ಗಳು. ಸರ್ವರ್‌ನಲ್ಲಿದ್ದದ್ದು ಡೆಬಿಯನ್ 12. ಹಂಚಿಕೆಯ ದಾರಿ ‘/ಎಸ್‌ಆರ್‌ವಿ/ವರ್ಕ್’. ಆ ದಾರಿಗೆ ಮೌಂಟ್ ಆಗಿದ್ದದ್ದು, ಅಂದರೆ ಜೋಡಣೆಯಾಗಿದ್ದದ್ದು, 1 ಟಿಬಿಯ ಇಎಕ್ಸ್‌ಟಿ4 (ಲಿನಕ್ಸ್‌ನ ಒಂದು ಫೈಲ್‌ಸಿಸ್ಟಂ) ಡಿಸ್ಕ್. ಒಂಬತ್ತು ಕ್ಲೈಂಟ್‌ಗಳು ಎನ್‌ಎಫ್‌ಎಸ್ 4.2 ಬಳಸುತ್ತಿದ್ದವು. ಉಳಿದೆರಡರಲ್ಲಿ ಹಳೆಯ ಅಪ್ಲಿಕೇಶನ್ ಒಂದರ ಕಾರಣಕ್ಕೆ ‘ಎಫ್‌ಎಸ್‌ಟ್ಯಾಬ್’ ಎಂಬ ಮೌಂಟ್ ಪಟ್ಟಿಯ ಫೈಲಿನಲ್ಲಿ ‘ವರ್ಸ್=3’, ಅಂದರೆ ಮೂರನೇ ಆವೃತ್ತಿ, ಎಂದು ಬರೆದಿಟ್ಟಿದ್ದರು. ಸರ್ವರ್ ವರ್ಷಕ್ಕೂ ಹೆಚ್ಚು ಕಾಲ ರೀಬೂಟ್ ಆಗಿರಲಿಲ್ಲ. ಆ ಸಂಗತಿಯ ತೂಕ ಗೊತ್ತಾದದ್ದು ಆಮೇಲೆ.

ಡಿಸ್ಕ್ ತುಂಬುತ್ತಾ ಬಂದಿತ್ತು. 4 ಟಿಬಿಯ ಹೊಸ ಡಿಸ್ಕ್ ಹಾಕಿ, ಅದರಲ್ಲಿ ಹೊಸದಾಗಿ ಇಎಕ್ಸ್‌ಟಿ4 ಸೃಷ್ಟಿಸಿ, ‘ಆರ್‌ಸಿಂಕ್ -ಎಎಚ್‌ಎಎಕ್ಸ್’ ಕೊಟ್ಟು ಎಲ್ಲವನ್ನೂ ನಕಲು ಮಾಡಿ, ಅದೇ ದಾರಿಗೆ ಮೌಂಟ್ ಮಾಡಿ, ಸರ್ವರ್ ರೀಬೂಟ್ ಮಾಡಲಾಯಿತು. ದಾರಿ ಅದೇ, ಐಪಿ ವಿಳಾಸ ಅದೇ, ಫೈಲ್‌ಗಳು ಅವೇ, ಅನುಮತಿಗಳೂ ಅವೇ. ಹಾಗಾಗಿ ಕ್ಲೈಂಟ್‌ಗಳನ್ನು ಅನ್‌ಮೌಂಟ್ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ.

ಸರ್ವರ್ ಮೇಲೆದ್ದ ಕೂಡಲೇ ಬಂದ ದೂರುಗಳು ಎರಡು ಬಗೆಯವು. ಮೌಂಟ್ ಆಗಿಯೇ ಉಳಿದಿದ್ದ ಕ್ಲೈಂಟ್‌ಗಳಲ್ಲಿ ‘ಸ್ಟೇಲ್ ಫೈಲ್ ಹ್ಯಾಂಡಲ್’ (ಫೈಲಿನ ಗುರುತು ಹಳಸಿದೆ). ಜೊತೆಗೇ ರೀಬೂಟ್ ಆಗಿದ್ದ ಆ ಎರಡು ಹಳೆಯ ಕ್ಲೈಂಟ್‌ಗಳಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’. ಇವೆರಡೂ ತೀರಿದವು ಅನ್ನುವಷ್ಟರಲ್ಲಿ, ಕೆಲವೇ ಬಳಕೆದಾರರಿಗೆ, ಅದೂ ಕೆಲವೇ ಡೈರೆಕ್ಟರಿಗಳಲ್ಲಿ, ‘ಪರ್ಮಿಷನ್ ಡಿನೈಡ್’ ಶುರುವಾಯಿತು. ಒಂದೇ ಕೆಲಸದ ಬೆನ್ನಿಗೆ ಬಂದದ್ದರಿಂದ ಮೂರನ್ನೂ ಒಂದೇ ರೋಗ ಎಂದು ತಿಳಿದು ಸರ್ವೀಸ್ ರೀಸ್ಟಾರ್ಟ್ ಮಾಡುವುದೇ ಮದ್ದಾಯಿತು. ನಿಜದಲ್ಲಿ ಒಂದೊಂದರ ಬೇರು ಒಂದೊಂದು ಪದರದಲ್ಲಿತ್ತು: ಮೊದಲನೆಯದು ಫೈಲ್ ಹ್ಯಾಂಡಲ್‌ನಲ್ಲಿ, ಎರಡನೆಯದು ಪೋರ್ಟ್‌ನಲ್ಲಿ, ಮೂರನೆಯದು ಬಳಕೆದಾರರ ಗುರುತಿನಲ್ಲಿ. ಮೂರನೆಯದನ್ನು ಹುಟ್ಟುಹಾಕಿದ್ದು ಎರಡನೆಯದಕ್ಕೆ ಮಾಡಿದ ಚಿಕಿತ್ಸೆ.

ರೀಸ್ಟಾರ್ಟ್ ಏಕೆ ಕೆಡುಕು ಮಾಡಿತು

‘ಎನ್‌ಎಫ್‌ಎಸ್-ಸರ್ವರ್’ ಯೂನಿಟ್ಟನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿದ್ದರಿಂದ ಚಿತ್ರ ಇನ್ನಷ್ಟು ಕದಡಿತು. ನಾಲ್ಕನೇ ಆವೃತ್ತಿಯ ಸರ್ವರ್ ಎದ್ದಾಗ ಸಾಮಾನ್ಯವಾಗಿ ಗ್ರೇಸ್ ಅವಧಿಗೆ ಹೋಗುತ್ತದೆ. ಹಳೆಯ ಲಾಕ್‌ಗಳನ್ನು ಮರಳಿ ಪಡೆಯಲು ಕ್ಲೈಂಟ್‌ಗಳಿಗೆ ಕೊಡುವ ಸಮಯ ಅದು, ಮೂಲ ಸೆಟ್ಟಿಂಗ್‌ನಲ್ಲಿ 90 ಸೆಕೆಂಡ್. ಆ ಹೊತ್ತಿನಲ್ಲಿ ಡೈರೆಕ್ಟರಿಯ ಪಟ್ಟಿ ಬರುತ್ತದೆ, ಆದರೆ ಹೊಸದಾಗಿ ಫೈಲ್ ತೆರೆಯಹೋದವರು ಕಾಯಬೇಕು. ಇನ್ನೇನು ಅವಧಿ ಮುಗಿಯುತ್ತದೆ ಅನ್ನುವಾಗ ಮತ್ತೊಂದು ರೀಸ್ಟಾರ್ಟ್ ಆದರೆ ಗಡಿಯಾರ ಮೊದಲಿನಿಂದ ಓಡುತ್ತದೆ. ಆಗಷ್ಟೇ ಸರಿಯಾಗಿ ಮೌಂಟ್ ಆಗಿದ್ದ ಕ್ಲೈಂಟ್ ಕೂಡ ಹೀಗೆ ನೇತಾಡತೊಡಗಿ, ಎಲ್ಲವೂ ಕೆಟ್ಟಿದೆ ಎಂಬ ಭಾವನೆ ಹುಟ್ಟಿತು. ಯಾವ ದಾರಿಯನ್ನು ಯಾರಿಗೆ ಹಂಚಬೇಕು ಎಂದು ಬರೆದಿಡುವ ‘ಎಕ್ಸ್‌ಪೋರ್ಟ್ಸ್’ ಫೈಲಿನ ಬದಲಾವಣೆ ಜಾರಿಗೆ ಬರಲು ರೀಸ್ಟಾರ್ಟ್ ಬೇಕೇ ಇಲ್ಲ. ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’ ಸಾಕು.

ಹ್ಯಾಂಡಲ್ ಹಳಸಿದ್ದು

ಕ್ಲೈಂಟ್ ಒಂದು ಫೈಲನ್ನು ಸರ್ವರ್‌ಗೆ ಅದರ ಹೆಸರಿನಿಂದ ಗುರುತಿಸುವುದಿಲ್ಲ. ಮೊದಲ ಸಲ ಹೆಸರು ಹುಡುಕಿದಾಗ ಸರ್ವರ್ ಒಂದು ಹ್ಯಾಂಡಲ್ ಕೊಡುತ್ತದೆ, ಮುಂದಿನ ವ್ಯವಹಾರವೆಲ್ಲ ಆ ಹ್ಯಾಂಡಲ್ ಹಿಡಿದೇ. ಮೂರನೇ ಆವೃತ್ತಿಯಲ್ಲಿ ಇದು 64 ಬೈಟ್‌ವರೆಗೆ, ನಾಲ್ಕರಲ್ಲಿ 128 ಬೈಟ್‌ವರೆಗೆ ಇರಬಹುದು. ಒಳಗಿರುವುದು ಮುಖ್ಯವಾಗಿ ಮೂರು ಸಂಗತಿ: ಯಾವ ಫೈಲ್‌ಸಿಸ್ಟಂ ಎಂದು ಹೇಳುವ ಎಫ್‌ಎಸ್‌ಐಡಿ, ಐನೋಡ್ (ಪ್ರತಿ ಫೈಲಿಗೆ ಫೈಲ್‌ಸಿಸ್ಟಂ ಇಡುವ ದಾಖಲೆ) ಸಂಖ್ಯೆ, ಆ ಐನೋಡ್ ಮರುಬಳಕೆಯಾದಾಗ ಬದಲಾಗುವ ಜನರೇಷನ್ ಸಂಖ್ಯೆ. ಎಫ್‌ಎಸ್‌ಐಡಿಯನ್ನು ನಾವು ಬರೆದು ಕೊಡದಿದ್ದರೆ ಲಿನಕ್ಸ್ ಅದನ್ನು ಸಾಮಾನ್ಯವಾಗಿ ಫೈಲ್‌ಸಿಸ್ಟಂನ ಯುಯುಐಡಿಯಿಂದ, ಅಂದರೆ ಅದರ ವಿಶಿಷ್ಟ ಗುರುತಿನ ಸಂಖ್ಯೆಯಿಂದ, ತಯಾರಿಸುತ್ತದೆ. ಹೊಸದಾಗಿ ಫಾರ್ಮ್ಯಾಟ್ ಆದ ಡಿಸ್ಕ್‌ಗೆ ಹೊಸ ಯುಯುಐಡಿ. ‘ಆರ್‌ಸಿಂಕ್’ ಫೈಲಿನ ಒಡೆಯ, ಕಾಲ, ಎಸಿಎಲ್ (ಹೆಚ್ಚುವರಿ ಅನುಮತಿಗಳ ಪಟ್ಟಿ) ಎಲ್ಲವನ್ನೂ ಉಳಿಸುತ್ತದೆ ನಿಜ, ಐನೋಡ್ ಸಂಖ್ಯೆಯನ್ನು ಉಳಿಸಲಾರದು. ಮನುಷ್ಯರ ಕಣ್ಣಿಗೆ ಏನೂ ಬದಲಾಗದಿದ್ದರೂ ಹ್ಯಾಂಡಲ್‌ನ ಮಟ್ಟಿಗೆ ಎಲ್ಲವೂ ಬದಲಾಗಿತ್ತು.

ಸ್ಟೇಲ್ ದೋಷ ಕಂಡಾಗ ಮೊದಲು ನೋಡಬೇಕಾದದ್ದು ಅದರ ವ್ಯಾಪ್ತಿ. ಒಂದೆರಡು ಫೈಲಿಗೆ ಮಾತ್ರ ಬಂದರೆ, ಒಂದು ಕ್ಲೈಂಟ್ ತೆರೆದಿಟ್ಟ ಫೈಲನ್ನು ಮತ್ತೊಂದು ಕಡೆಯಿಂದ ಯಾರೋ ಅಳಿಸಿರುತ್ತಾರೆ; ಅದೇ ಹೆಸರಿನಲ್ಲಿ ಹೊಸ ಫೈಲ್ ಬಂದಿದ್ದರೆ ಮತ್ತೆ ತೆರೆದಾಗ ಸರಿಹೋಗುತ್ತದೆ. ಮೌಂಟ್ ಬಿಂದುವಿನ ಮೇಲೇ ‘ಎಲ್‌ಎಸ್’ ಕೊಟ್ಟಾಗ ಬಂದರೆ ಎಫ್‌ಎಸ್‌ಐಡಿ ಬದಲಾಗಿದೆ ಎಂದೋ, ಆ ದಾರಿ ಹಂಚಿಕೆಯಲ್ಲೇ ಇಲ್ಲ ಎಂದೋ ಅರ್ಥ. ಎರಡನೆಯದನ್ನು ಸರ್ವರ್‌ನಲ್ಲಿ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ’ ಕೂಡಲೇ ತಳ್ಳಿಹಾಕಿತು. ಒಂದು ಕ್ಲೈಂಟ್‌ನಲ್ಲಿ ಹಂಚಿಕೆಯನ್ನು ಪರೀಕ್ಷೆಗೆಂದು ಬೇರೆ ಡೈರೆಕ್ಟರಿಗೆ ಹೊಸದಾಗಿ ಮೌಂಟ್ ಮಾಡಿದಾಗ ಎಲ್ಲ ಫೈಲ್‌ಗಳೂ ಸಲೀಸಾಗಿ ಕಂಡವು. ಅಲ್ಲಿಗೆ ಸರ್ವರ್ ಆರೋಗ್ಯವಾಗಿದೆ, ಹಳಸಿರುವುದು ಕ್ಲೈಂಟ್‌ನ ನೆನಪು ಮಾತ್ರ ಎಂದು ತೀರ್ಮಾನವಾಯಿತು.

ಇನ್ನುಳಿದದ್ದು ಒಂಬತ್ತು ಕಡೆ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡುವ ಕೆಲಸ. ಇಲ್ಲಿ ಎಡವುವುದು ‘ಟಾರ್ಗೆಟ್ ಈಸ್ ಬ್ಯುಸಿ’ ಎಂಬ ಉತ್ತರಕ್ಕೆ. ಯಾವ ಪ್ರಕ್ರಿಯೆ ಹಿಡಿದುಕೊಂಡಿದೆ ಎಂದು ಹುಡುಕಲು ‘ಫ್ಯೂಸರ್’ ಓಡಿಸಿದರೆ ಅದು ಆ ದಾರಿಯನ್ನೇ ಮುಟ್ಟಲು ಹೋಗಿ ಅದೇ ದೋಷ ಹೊತ್ತು ಬರುತ್ತದೆ. ‘ಎಲ್‌ಎಸ್ -ಎಲ್ /ಪ್ರಾಕ್/*/ಸಿಡಬ್ಲ್ಯೂಡಿ’ ಮತ್ತು ‘/ಪ್ರಾಕ್/*/ಎಫ್‌ಡಿ’ ನೋಡುವುದು ಲೇಸು. ಅಲ್ಲಿ ಓದುವುದು ಲಿಂಕ್‌ಗಳನ್ನಷ್ಟೇ, ಸರ್ವರ್‌ವರೆಗೆ ಮಾತು ಹೋಗುವುದಿಲ್ಲ. ಬಹುತೇಕ ಕಡೆ ಸಿಕ್ಕದ್ದು ಆ ಡೈರೆಕ್ಟರಿಯೊಳಗೆ ಕುಳಿತಿದ್ದ ಶೆಲ್‌ಗಳು ಮತ್ತು ಒಂದು ಬ್ಯಾಕಪ್ ಸ್ಕ್ರಿಪ್ಟ್. ಅವನ್ನು ನಿಲ್ಲಿಸಿದ ಮೇಲೆ ಮಾಮೂಲಿ ‘ಯುಮೌಂಟ್’ ಕೆಲಸ ಮಾಡಿತು. ‘ಯುಮೌಂಟ್ -ಎಲ್’ ಬಳಸುವ ಆಸೆ ಎಲ್ಲರಿಗೂ ಬರುತ್ತದೆ, ತಕ್ಷಣ ಯಶಸ್ಸು ತೋರಿಸುತ್ತದಲ್ಲ. ಅದು ಹೆಸರಿನ ನಂಟನ್ನು ಮಾತ್ರ ಕಡಿಯುತ್ತದೆ, ಹಳೆಯ ಪ್ರಕ್ರಿಯೆಗಳು ಹಳಸಿದ ಹ್ಯಾಂಡಲ್ ಹಿಡಿದು ಮರೆಯಲ್ಲಿ ಬದುಕಿರುತ್ತವೆ. ಕೊನೆಯ ಉಪಾಯವಾಗಿ ಅದು ಸರಿ, ಮೊದಲ ಉಪಾಯವಾಗಿ ಅಲ್ಲ.

ಇದಕ್ಕಿಂತ ಗಂಭೀರವಾದದ್ದು ಬರೆದು ಮುಗಿಯದ ಡೇಟಾ. ಹಾರ್ಡ್ ಮೌಂಟ್‌ನಲ್ಲಿ (ಸರ್ವರ್ ಉತ್ತರಿಸುವವರೆಗೂ ಬಿಡದೆ ಯತ್ನಿಸುವ ಬಗೆ) ಸರ್ವರ್ ರೀಬೂಟ್ ಆದರೂ ಕ್ಲೈಂಟ್ ತನ್ನ ಮೆಮೊರಿಯಲ್ಲಿರುವ, ಇನ್ನೂ ಕಮಿಟ್ ಆಗದ ಬರಹವನ್ನು ಮತ್ತೆ ಕಳಿಸುತ್ತದೆ; ಎನ್‌ಎಫ್‌ಎಸ್ ನಂಬಿಕಸ್ಥ ಅನ್ನಿಸುವುದೇ ಈ ಗುಣದಿಂದ. ಈ ಸಲ ಮಾತ್ರ ಕಳಿಸಿದ ಬರಹಕ್ಕೆ ಸಿಕ್ಕ ಉತ್ತರ ಸ್ಟೇಲ್. ಆ ಡೇಟಾ ಅಲ್ಲಿಗೆ ಹೋಯಿತು. ದೋಷ ಗೊತ್ತಾಗುವುದು ‘ಎಫ್‌ಸಿಂಕ್’ ಅಥವಾ ‘ಕ್ಲೋಸ್’ ಹೊತ್ತಿಗೆ, ಆ ಉತ್ತರವನ್ನು ಪರೀಕ್ಷಿಸದ ಪ್ರೋಗ್ರಾಂಗೆ ಅದೂ ತಿಳಿಯದು. ಹಳೆಯ ಡಿಸ್ಕನ್ನು ರೀಡ್-ಓನ್ಲಿ ಮೌಂಟ್ ಮಾಡಿ ಹೋಲಿಸಿದರೂ ಆ ಬರಹ ಅಲ್ಲೂ ಇರುವುದಿಲ್ಲ. ಹಾಗಾಗಿ ಕೊನೆಯ ಸುತ್ತಿನ ‘ಆರ್‌ಸಿಂಕ್’ ನಕಲಿಗೆ ಮೊದಲು ಕ್ಲೈಂಟ್‌ಗಳನ್ನು ಅನ್‌ಮೌಂಟ್ ಮಾಡಲೇಬೇಕು.

ಟೈಮ್ ಔಟ್ ಆದ ಎರಡು ಯಂತ್ರಗಳು

ಈ ಎರಡರ ಮೇಲೆ ನಡೆದ ಮೊದಲ ಪ್ರಯತ್ನ ‘ಪಿಂಗ್’. ಉತ್ತರ ಬಂತು. ಎರಡನೆಯದು 2049ನೇ ಪೋರ್ಟ್‌ಗೆ ‘ಎನ್‌ಸಿ -ಝಡ್‌ವಿ’. ಅದೂ ತೆರೆದಿತ್ತು. ‘ಹಾಗಾದರೆ ನೆಟ್‌ವರ್ಕ್ ಸರಿಯಿದೆ’ ಎಂದು ಗಮನ ‘ಎಕ್ಸ್‌ಪೋರ್ಟ್ಸ್’ ಫೈಲಿನತ್ತ ಹೊರಳಿತು, ಸಮಯ ವ್ಯರ್ಥವಾಯಿತು. ಎನ್‌ಎಫ್‌ಎಸ್ 4ಕ್ಕೆ 2049 ಒಂದೇ ಸಾಕು. ಮೂರಕ್ಕೆ ಸಾಲದು: ಯಾವ ಸೇವೆ ಯಾವ ಪೋರ್ಟ್‌ನಲ್ಲಿದೆ ಎಂದು ಹೇಳಲು 111ರಲ್ಲಿ ಆರ್‌ಪಿಸಿಬೈಂಡ್, ಮೌಂಟ್ ಮಾಡಿಸಲು ಮೌಂಟ್‌ಡಿ, ಲಾಕ್‌ಗೆ ಲಾಕ್‌ಡಿ, ರೀಬೂಟ್ ಸುದ್ದಿ ಮುಟ್ಟಿಸಲು ಸ್ಟ್ಯಾಟ್‌ಡಿ, ಇಷ್ಟೂ ಬೇಕು. ಕೊನೆಯ ಮೂರರ ಪೋರ್ಟ್ ನಾವು ನಿಗದಿ ಮಾಡದಿದ್ದರೆ ಪ್ರತಿ ಸಲ ಎದ್ದಾಗಲೂ ಬೇರೆ.

‘ಮೌಂಟ್’ ಆಜ್ಞೆಗೆ ‘-ವಿ’ ಸೇರಿಸಿ ಓಡಿಸಿದ್ದೇ ಗುಟ್ಟು ರಟ್ಟಾಯಿತು. ಪ್ರಾಗ್ (ಸೇವೆಯ ಸಂಖ್ಯೆ) 100003, ಪೋರ್ಟ್ 2049 ಎಂಬ ಎನ್‌ಎಫ್‌ಎಸ್‌ನ ಸಾಲು ಥಟ್ಟನೆ ದಾಟಿತು. ಪ್ರಾಗ್ 100005, ಪೋರ್ಟ್ 41873 ಎಂಬ ಸಾಲಿನಲ್ಲಿ ನಿಂತುಬಿಟ್ಟಿತು. 100005 ಅಂದರೆ ಮೌಂಟ್‌ಡಿ. ಸರ್ವರ್‌ನಲ್ಲಿ ‘ಆರ್‌ಪಿಸಿಇನ್ಫೋ -ಪಿ’ ಕೂಡ ಅದೇ 41873 ತೋರಿಸಿತು. ಫೈರ್‌ವಾಲ್ ನಿಯಮ ನೋಡಿದರೆ ಅಲ್ಲಿ ತೆರೆದಿದ್ದ ಪೋರ್ಟ್ ಬೇರೆಯೇ. ಹಿಂದೊಮ್ಮೆ ಯಾರೋ ಆಗ ಓಡುತ್ತಿದ್ದ ಸಂಖ್ಯೆಯನ್ನು ನೋಡಿ ಹಾಗೆಯೇ ನಿಯಮವಾಗಿ ಬರೆದಿದ್ದರು. ರೀಬೂಟ್ ಆಗುವವರೆಗೂ ಆ ಸಂಖ್ಯೆ ಬದಲಾಗಲಿಲ್ಲ, ಹಾಗಾಗಿ ತಪ್ಪೂ ಬಯಲಾಗಲಿಲ್ಲ.

ಸರ್ವರ್‌ನ ಹಂಚಿಕೆಗಳ ಪಟ್ಟಿ ಕೇಳುವ ‘ಶೋಮೌಂಟ್ -ಇ’ಯ ಉತ್ತರವನ್ನು ಗಮನವಿಟ್ಟು ಓದಿದರೂ ಇಷ್ಟೇ ಬೇಗ ಇಲ್ಲಿಗೆ ಬರಬಹುದು. ಪೋರ್ಟ್ ಮ್ಯಾಪರ್ (ಅಂದರೆ ಆರ್‌ಪಿಸಿಬೈಂಡ್) ವಿಫಲವಾಯಿತು ಎಂದರೆ 111 ತಲುಪುತ್ತಿಲ್ಲ. ಪ್ರೋಗ್ರಾಂ ನೋಂದಣಿಯಾಗಿಲ್ಲ ಎಂದರೆ 111 ತಲುಪಿದೆ, ಮೌಂಟ್‌ಡಿ ಓಡುತ್ತಿಲ್ಲ. ಆರ್‌ಪಿಸಿ ಟೈಮ್ಡ್ ಔಟ್ ಎಂದರೆ 111 ಸರಿ, ಮೌಂಟ್‌ಡಿಯೂ ಇದೆ, ನಡುವೆ ಪ್ಯಾಕೆಟ್ ನುಂಗುವವರಿದ್ದಾರೆ. ಫೈರ್‌ವಾಲ್ ಪ್ಯಾಕೆಟ್ಟನ್ನು ನುಂಗುವ ಬದಲು ತಿರಸ್ಕರಿಸುವಂತಿದ್ದರೆ ‘ನೋ ರೂಟ್ ಟು ಹೋಸ್ಟ್’ ಎಂಬ ದಾರಿತಪ್ಪಿಸುವ ಸಂದೇಶವೂ ಬರಬಹುದು. ರೂಟಿಂಗ್‌ಗೂ ಅದಕ್ಕೂ ಸಂಬಂಧವಿರುವುದಿಲ್ಲ.

ಮೊದಲು 41873 ತೆರೆದರು, ಮೌಂಟ್ ಆಯಿತು, ‘ಎಲ್‌ಎಸ್’ ನಡೆಯಿತು, ಅಪ್ಲಿಕೇಶನ್ ಮಾತ್ರ ಏಳಲಿಲ್ಲ. ಕ್ಲೈಂಟ್‌ನ ಕರ್ನೆಲ್ ಲಾಗ್‌ನಲ್ಲಿ ‘ಲಾಕ್‌ಡಿ: ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’ ಎಂದಿತ್ತು. ಅಪ್ಲಿಕೇಶನ್ ಏಳುವಾಗ ಒಂದು ಫೈಲಿಗೆ ಲಾಕ್ ಹಾಕುತ್ತಿತ್ತು, ಲಾಕ್‌ಡಿಯ ಪೋರ್ಟೂ ಬದಲಾಗಿತ್ತು. ಮೂರನೇ ಆವೃತ್ತಿಯಲ್ಲಿ ಲಾಕ್ ಪ್ರತ್ಯೇಕ ಸೇವೆ ಎಂಬುದು ಮರೆತುಹೋಗುವುದು ಹೀಗೆಯೇ: ಓದುವುದು ಬರೆಯುವುದು ಎಲ್ಲ ಸರಿ, ಲಾಕ್ ಕೇಳಿದ ಪ್ರಕ್ರಿಯೆಗಳು ಮಾತ್ರ ಡಿ ಸ್ಥಿತಿಯಲ್ಲಿ (ಉತ್ತರ ಬರುವವರೆಗೆ ಕದಲದ ಕಾಯುವಿಕೆ) ಹೆಪ್ಪುಗಟ್ಟಿರುತ್ತವೆ. ಖಾತ್ರಿಗೆ ‘ಎಫ್‌ಲಾಕ್’ ಆಜ್ಞೆಯಿಂದ ಆ ಮೌಂಟ್‌ನ ಒಂದು ಖಾಲಿ ಫೈಲಿಗೆ ಲಾಕ್ ಕೇಳಿ ನೋಡಬಹುದು. ಇಂದಿನ ಲಿನಕ್ಸ್ ಕ್ಲೈಂಟ್ ಅದನ್ನು ಸರ್ವರ್‌ಗೇ ಒಯ್ಯುತ್ತದೆ. ಮೌಂಟ್ ಆಯ್ಕೆಗಳಲ್ಲಿ ‘ನೋಲಾಕ್’ ಇದ್ದರೆ ಲಾಕ್ ಕ್ಲೈಂಟ್‌ನೊಳಗೇ ಉಳಿಯುತ್ತದೆ, ಪರೀಕ್ಷೆಗೆ ಅರ್ಥವಿರದು.

ಸರಿಯಾದ ಪರಿಹಾರ ‘/ಇಟಿಸಿ/ಎನ್‌ಎಫ್‌ಎಸ್.ಕಾನ್ಫ್’ನಲ್ಲಿ ಪೋರ್ಟ್‌ಗಳನ್ನು ನಿಗದಿ ಮಾಡುವುದು. ಮೌಂಟ್‌ಡಿ ವಿಭಾಗದಲ್ಲಿ ‘ಪೋರ್ಟ್=20048’, ಲಾಕ್‌ಡಿ ವಿಭಾಗದಲ್ಲಿ ‘ಪೋರ್ಟ್=4045’ ಮತ್ತು ‘ಯುಡಿಪಿ-ಪೋರ್ಟ್=4045’, ಸ್ಟ್ಯಾಟ್‌ಡಿ ವಿಭಾಗದಲ್ಲಿ ‘ಪೋರ್ಟ್=4046’. ಲಾಕ್‌ಡಿಗೆ 32803 ಕೊಡುವ ಸಲಹೆ ಹಲವು ಕಡೆ ಓಡಾಡುತ್ತದೆ. ಲಿನಕ್ಸ್ ಹೊರಹೋಗುವ ಸಂಪರ್ಕಗಳಿಗೆ ಬಳಸುವ ಪೋರ್ಟ್‌ಗಳ ಮೂಲ ವ್ಯಾಪ್ತಿ 32768ರಿಂದ 60999. ಆ ವ್ಯಾಪ್ತಿಯೊಳಗಿನ ಸಂಖ್ಯೆಯನ್ನು ಬೇರೊಂದು ಸಂಪರ್ಕ ಮೊದಲೇ ಹಿಡಿದಿರುವ ಅಪಾಯ ಇದ್ದೇ ಇದೆ. ಸೊಲಾರಿಸ್ ಕಾಲದಿಂದ ಲಾಕ್‌ಡಿಗೆ ಬಳಕೆಯಲ್ಲಿರುವ 4045 ಅದಕ್ಕಿಂತ ವಾಸಿ. ಲಾಕ್‌ಡಿ ಕರ್ನೆಲ್ ಒಳಗಿರುವುದರಿಂದ ಹೊಸ ಪೋರ್ಟ್ ಹಿಡಿಯಿತೇ ಎಂದು ‘ಆರ್‌ಪಿಸಿಇನ್ಫೋ -ಪಿ’ಯಲ್ಲಿ 100021ರ ಸಾಲು ನೋಡಿಯೇ ನಂಬಬೇಕು.

ಚಿಕಿತ್ಸೆ ತಂದ ಕಾಯಿಲೆ

ಆ ಫೈಲನ್ನು ತಿದ್ದುವ ಬದಲು, ಬೇರೊಂದು ಸರ್ವರ್‌ನಲ್ಲಿ ಸರಿಯಾಗಿ ನಡೆಯುತ್ತಿದ್ದ ‘ಎನ್‌ಎಫ್‌ಎಸ್.ಕಾನ್ಫ್’ ತಂದು ಅದರ ಮೇಲೆ ಹಾಕಲಾಯಿತು. ಪೋರ್ಟ್‌ಗಳೆಲ್ಲ ಸರಿಹೋದವು. ಅದಾದ ಸ್ವಲ್ಪ ಹೊತ್ತಿಗೆ ‘ಪರ್ಮಿಷನ್ ಡಿನೈಡ್’ ದೂರು.

ದೂರಿನ ಆಕಾರ ವಿಚಿತ್ರವಾಗಿತ್ತು. ಒಬ್ಬ ಬಳಕೆದಾರನಿಗೆ ಹಳೆಯ ಪ್ರಾಜೆಕ್ಟ್‌ಗಳ ಡೈರೆಕ್ಟರಿಯಲ್ಲೆಲ್ಲ ಬರೆಯಲು ಆಗುತ್ತಿತ್ತು, ಇತ್ತೀಚಿನ ಎರಡು ಪ್ರಾಜೆಕ್ಟ್‌ಗಳಲ್ಲಿ ಮಾತ್ರ ಆಗುತ್ತಿರಲಿಲ್ಲ. ಅದೇ ಬಳಕೆದಾರನಾಗಿ ಸರ್ವರ್‌ಗೇ ಲಾಗಿನ್ ಆಗಿ ‘ಟಚ್’ ಕೊಟ್ಟರೆ ಫೈಲ್ ಹುಟ್ಟುತ್ತಿತ್ತು. ಕ್ಲೈಂಟ್‌ನಲ್ಲಿ ‘ಐಡಿ’ ಕೊಟ್ಟರೆ ಆ ಎರಡು ಗ್ರೂಪ್‌ಗಳೂ ಪಟ್ಟಿಯಲ್ಲಿದ್ದವು. ಮೂರನೇ ಆವೃತ್ತಿಯ ಕ್ಲೈಂಟ್‌ನಲ್ಲೂ ಹೀಗೇ, ನಾಲ್ಕರಲ್ಲೂ ಹೀಗೇ. ಸರ್ವರ್ ಲಾಗ್‌ನಲ್ಲಿ ಒಂದಕ್ಷರ ಇಲ್ಲ.

ಇಲ್ಲೊಂದು ಅಡ್ಡದಾರಿ ಹಿಡಿದದ್ದೂ ಉಂಟು. ರೂಟ್ ಸ್ಕ್ವಾಶ್ (ಕ್ಲೈಂಟ್‌ನ ರೂಟ್‌ಗೆ ಸರ್ವರ್‌ನಲ್ಲಿ ರೂಟ್ ಅಧಿಕಾರ ಕೊಡದ ನಿಯಮ) ಕಾರಣವಿರಬಹುದು ಎಂದು ‘ಎಕ್ಸ್‌ಪೋರ್ಟ್ಸ್’ ಫೈಲಿಗೆ ‘ನೋ_ರೂಟ್_ಸ್ಕ್ವಾಶ್’ ಸೇರಿಸಲು ಹೋದರು. ರೂಟ್ ಅಲ್ಲದ ಬಳಕೆದಾರನಿಗೆ ಅದರಿಂದ ಏನೂ ಆಗಬೇಕಿಲ್ಲ. ಆದರೆ ತಿದ್ದುವಾಗ ‘192.168.10.0/24’ ಮತ್ತು ಆವರಣದ ನಡುವೆ ಒಂದು ಖಾಲಿ ಜಾಗ ನುಸುಳಿತು. ಆ ಒಂದು ಖಾಲಿ ಜಾಗದಿಂದ ಸಾಲಿನ ಅರ್ಥವೇ ಮಗುಚುತ್ತದೆ: ಆ ನೆಟ್‌ವರ್ಕ್‌ಗೆ ಮೂಲ ಆಯ್ಕೆಗಳು, ಅಂದರೆ ಓದಲು ಮಾತ್ರ; ಆವರಣದಲ್ಲಿದ್ದ ಬರೆಯುವ ಹಕ್ಕು, ಅದರೊಂದಿಗೆ ರೂಟ್ ಅಧಿಕಾರ, ಲೋಕದ ಉಳಿದೆಲ್ಲರಿಗೆ. ಹನ್ನೊಂದೂ ಕ್ಲೈಂಟ್‌ಗಳಲ್ಲಿ ‘ರೀಡ್-ಓನ್ಲಿ ಫೈಲ್ ಸಿಸ್ಟಂ’ ಬಂತು. ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’ ಇಂಥ ಸಾಲಿಗೆ ‘ನೋ ಆಪ್ಷನ್ಸ್’ ಎಂದು ಎಚ್ಚರಿಸುತ್ತದೆ, ಓದುವವರಿದ್ದರೆ. ಸಾಲನ್ನು ಹಿಂದಿನಂತೆ ಮಾಡಿದ ಮೇಲೆ ತನಿಖೆ ಇದ್ದಲ್ಲಿಗೇ ಬಂತು.

ಸುಳಿವು ಸಿಕ್ಕಿದ್ದು ‘ಐಡಿ -ಜಿ’ ಆಜ್ಞೆಯ ಉತ್ತರವನ್ನು ಎಣಿಸಿದಾಗ: ಆ ಬಳಕೆದಾರ 19 ಗ್ರೂಪ್‌ಗಳಲ್ಲಿದ್ದ. ಕ್ಲೈಂಟ್ ಹೇಳಿದ ಸಂಖ್ಯೆಗಳನ್ನೇ ನಂಬುವ ‘ಸೆಕ್=ಸಿಸ್’ ಬಗೆಯ ಗುರುತಿನಲ್ಲಿ ಪ್ರತಿ ಆರ್‌ಪಿಸಿ ಕರೆಯೊಂದಿಗೆ (ಸರ್ವರ್‌ಗೆ ಕಳಿಸುವ ಕೋರಿಕೆ) ಹೋಗುವ ಹೆಚ್ಚುವರಿ ಗ್ರೂಪ್‌ಗಳ ಮಿತಿ 16. ಇದು ಪ್ರೋಟೋಕಾಲ್‌ನ ರಚನೆಯಲ್ಲೇ ಇರುವ ಮಿತಿ, ಆವೃತ್ತಿ 4ಕ್ಕೆ ಏರಿದರೂ ಬಿಡುವುದಿಲ್ಲ. ಲಿನಕ್ಸ್ ಕರ್ನೆಲ್ ಗ್ರೂಪ್‌ಗಳನ್ನು ಸಂಖ್ಯೆಯ ಏರಿಕೆ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ, ಕ್ಲೈಂಟ್ ಮೊದಲ 16ನ್ನು ಕಳಿಸಿ ಉಳಿದದ್ದನ್ನು ಸದ್ದಿಲ್ಲದೆ ಬಿಡುತ್ತದೆ. ಬಿಟ್ಟುಹೋಗುವುದು ದೊಡ್ಡ ಸಂಖ್ಯೆಯ ಗ್ರೂಪ್‌ಗಳು, ದೊಡ್ಡ ಸಂಖ್ಯೆ ಸಿಗುವುದು ಹೊಸದಾಗಿ ಸೃಷ್ಟಿಯಾದ ಗ್ರೂಪ್‌ಗಳಿಗೆ. ಇತ್ತೀಚಿನ ಪ್ರಾಜೆಕ್ಟ್‌ಗಳಿಗೇ ಬಾಗಿಲು ಮುಚ್ಚಿದ್ದೇಕೆ ಎಂಬುದಕ್ಕೆ ಉತ್ತರ ಅದು. ‘ಟಿಸಿಪಿಡಂಪ್’ನಿಂದ 2049ರ ಸಂಚಾರ ಹಿಡಿದು ವೈರ್‌ಶಾರ್ಕ್‌ನಲ್ಲಿ ತೆರೆದಾಗ ಗುರುತಿನ ಭಾಗದಲ್ಲಿ ಸರಿಯಾಗಿ 16 ಗ್ರೂಪ್ ಸಂಖ್ಯೆಗಳಿದ್ದವು, ಬೇಕಾದ ಎರಡು ಇರಲಿಲ್ಲ.

ಇಷ್ಟು ದಿನ ನಡೆಯುತ್ತಿದ್ದದ್ದು ಹೇಗೆ? ಡೆಬಿಯನ್ ಕೊಡುವ ‘ಎನ್‌ಎಫ್‌ಎಸ್.ಕಾನ್ಫ್’ನ ಮೌಂಟ್‌ಡಿ ವಿಭಾಗದಲ್ಲಿ ‘ಮ್ಯಾನೇಜ್-ಜಿಐಡಿಎಸ್=ವೈ’ ಎಂಬ ಸಾಲಿರುತ್ತದೆ. ಆಗ ಸರ್ವರ್ ಕ್ಲೈಂಟ್ ಕಳಿಸಿದ ಗ್ರೂಪ್ ಪಟ್ಟಿಯನ್ನು ಬದಿಗಿಟ್ಟು, ಬಳಕೆದಾರನ ಸಂಖ್ಯೆ ಹಿಡಿದು ತಾನೇ ಗ್ರೂಪ್‌ಗಳನ್ನು ಹುಡುಕುತ್ತದೆ. 16ರ ಮಿತಿ ತಾಗುವುದಿಲ್ಲ. ಬೇರೆ ಸರ್ವರ್‌ನಿಂದ ತಂದ ಫೈಲಿನಲ್ಲಿ ಆ ಸಾಲು ಇರಲಿಲ್ಲ. ಅಲ್ಲಿನ ಬಳಕೆದಾರರಲ್ಲಿ ಯಾರೂ 16 ಗ್ರೂಪ್ ದಾಟಿರಲಿಲ್ಲ, ಆದ್ದರಿಂದ ಅಲ್ಲಿ ಅದರ ಕೊರತೆ ಕಾಣಿಸಿಯೂ ಇರಲಿಲ್ಲ.

ಸಾಲನ್ನು ಮರಳಿ ಸೇರಿಸಿ ‘ಎನ್‌ಎಫ್‌ಎಸ್-ಮೌಂಟ್‌ಡಿ’ ರೀಸ್ಟಾರ್ಟ್ ಮಾಡಿದಾಗ ಬರಹ ಮತ್ತೆ ನಡೆಯಿತು. ಈ ಆಯ್ಕೆಗೆ ಎರಡು ಷರತ್ತು ಅಂಟಿಕೊಂಡಿವೆ. ಸರ್ವರ್‌ಗೆ ಎಲ್ಲ ಬಳಕೆದಾರರೂ ಅವರ ಗ್ರೂಪ್‌ಗಳೂ ಗೊತ್ತಿರಬೇಕು, ಎಲ್‌ಡ್ಯಾಪ್ ಎಂಬ ಕೇಂದ್ರ ಬಳಕೆದಾರರ ಪಟ್ಟಿಯಿಂದಲೋ ‘ಪಾಸ್‌ವರ್ಡ್’ ಮತ್ತು ‘ಗ್ರೂಪ್’ ಫೈಲ್‌ಗಳಿಂದಲೋ. ಕ್ಲೈಂಟ್‌ನಲ್ಲಿ ಮಾತ್ರ ಸೇರಿಸಿದ ಗ್ರೂಪ್‌ಗೆ ಬೆಲೆಯಿಲ್ಲ. ಇನ್ನೊಂದು, ಹುಡುಕಿದ ಫಲಿತಾಂಶವನ್ನು ಸರ್ವರ್ ಅರ್ಧ ಗಂಟೆ ನೆನಪಿಟ್ಟುಕೊಳ್ಳುತ್ತದೆ. ಹೊಸ ಗ್ರೂಪ್‌ಗೆ ಸೇರಿಸಿದ ಬಳಕೆದಾರ ಕೂಡಲೇ ಬರೆಯಬೇಕಿದ್ದರೆ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಎಫ್’ ಕೊಟ್ಟು ಆ ನೆನಪನ್ನು ಅಳಿಸಬೇಕು.

ಮುಂದಿನ ಡಿಸ್ಕ್ ಬದಲಾವಣೆಗೆ

‘ಎಕ್ಸ್‌ಪೋರ್ಟ್ಸ್’ ಸಾಲಿನಲ್ಲಿ ‘ಎಫ್‌ಎಸ್‌ಐಡಿ=21’ ಎಂದು ನಾವೇ ಒಂದು ಸಂಖ್ಯೆ ಕೊಟ್ಟಿದ್ದರೆ ಮೊದಲ ದೋಷದ ಬಹುಪಾಲು ಬರುತ್ತಲೇ ಇರಲಿಲ್ಲ. ಸೊನ್ನೆಯೊಂದನ್ನು ಬಿಟ್ಟು ಯಾವ ಸಣ್ಣ ಸಂಖ್ಯೆಯಾದರೂ ಆದೀತು, ಸೊನ್ನೆ ನಾಲ್ಕನೇ ಆವೃತ್ತಿಯ ಬೇರು (ರೂಟ್) ಡೈರೆಕ್ಟರಿಗೆ ಮೀಸಲು. ಹಂಚಿಕೆಯ ಬೇರು ಡೈರೆಕ್ಟರಿಯ ಹ್ಯಾಂಡಲ್‌ನಲ್ಲಿ ಲಿನಕ್ಸ್ ಸರ್ವರ್ ಐನೋಡ್ ಸಂಖ್ಯೆ ಸೇರಿಸುವುದಿಲ್ಲ, ಎಫ್‌ಎಸ್‌ಐಡಿ ಮಾತ್ರ ಇರುತ್ತದೆ. ಇಎಕ್ಸ್‌ಟಿ4ನಲ್ಲಿ ಬೇರಿನ ಐನೋಡ್ ಯಾವಾಗಲೂ 2, ಆದ್ದರಿಂದ ಕ್ಲೈಂಟ್ ಕಾಣುವ ಬೇರಿನ ಐನೋಡ್ ಸಂಖ್ಯೆಯೂ ಬದಲಾಗುವುದಿಲ್ಲ. ಹಾಗಾಗಿ ಎರಡೂ ಡಿಸ್ಕ್ ಇಎಕ್ಸ್‌ಟಿ4 ಆಗಿದ್ದು, ಎಫ್‌ಎಸ್‌ಐಡಿ ಸ್ಥಿರವಾಗಿದ್ದರೆ ಮೌಂಟ್ ಬಿಂದು ಜೀವಂತ ಉಳಿಯುತ್ತದೆ, ತೆರೆದಿದ್ದ ಫೈಲ್‌ಗಳು ಮತ್ತು ಒಳಗಿನ ಡೈರೆಕ್ಟರಿಯಲ್ಲಿ ಕುಳಿತ ಪ್ರಕ್ರಿಯೆಗಳಷ್ಟೇ ಹಳಸುತ್ತವೆ.

ಆದರೆ ಓಡುತ್ತಿರುವ ಸರ್ವರ್‌ಗೆ ಈ ಸಾಲನ್ನು ಹಾಗೇ ಸೇರಿಸುವಂತಿಲ್ಲ. ಎಫ್‌ಎಸ್‌ಐಡಿ ಬದಲಾದರೆ ಕ್ಲೈಂಟ್‌ಗಳ ಹ್ಯಾಂಡಲ್‌ಗಳು ಇನ್ನೊಮ್ಮೆ ಹಳಸಬಹುದು. ಆದ್ದರಿಂದ ಅದನ್ನು ಮುಂದಿನ ನಿಗದಿತ ನಿರ್ವಹಣೆಯ ವೇಳೆಗೆ ಇಡಲಾಯಿತು: ಮೊದಲು ಹನ್ನೊಂದೂ ಕಡೆ ಅನ್‌ಮೌಂಟ್, ಆಮೇಲೆ ಸಾಲಿಗೆ ‘ಎಫ್‌ಎಸ್‌ಐಡಿ=21’ ಮತ್ತು ‘ಎಂಪಿ’ ಎರಡೂ ಸೇರ್ಪಡೆ. ‘ಎಂಪಿ’ ಇದ್ದರೆ ಆ ದಾರಿಗೆ ಡಿಸ್ಕ್ ನಿಜಕ್ಕೂ ಮೌಂಟ್ ಆಗಿದ್ದಾಗ ಮಾತ್ರ ಹಂಚಿಕೆ ನಡೆಯುತ್ತದೆ. ಇಲ್ಲದಿದ್ದರೆ ಡಿಸ್ಕ್ ಏಳದ ದಿನ ಅದರ ಕೆಳಗಿನ ಖಾಲಿ ಡೈರೆಕ್ಟರಿಯೇ ಹಂಚಿಕೆಯಾಗಿ, ಕ್ಲೈಂಟ್‌ಗಳು ಸರ್ವರ್‌ನ ಸಿಸ್ಟಂ ಡಿಸ್ಕ್‌ಗೆ ಬರೆಯತೊಡಗುತ್ತವೆ. ನಂತರ ಸರ್ವರ್ ರೀಬೂಟ್, ‘ಆರ್‌ಪಿಸಿಇನ್ಫೋ -ಪಿ’ಯಲ್ಲಿ 20048, 4045, 4046 ಹಾಗೇ ಇವೆಯೇ ಎಂಬ ಪರಿಶೀಲನೆ, ಹಳೆಯ ಕ್ಲೈಂಟ್ ಒಂದರಲ್ಲಿ ಲಾಕ್ ಪರೀಕ್ಷೆ, ಕೊನೆಗೆ 19 ಗ್ರೂಪ್‌ಗಳ ಆ ಬಳಕೆದಾರನ ಹೆಸರಿನಲ್ಲಿ ಅತಿ ದೊಡ್ಡ ಸಂಖ್ಯೆಯ ಗ್ರೂಪ್‌ನ ಡೈರೆಕ್ಟರಿಯೊಳಗೆ ಒಂದು ‘ಟಚ್’.